ತಾಯಿಮರ ಒಂಟಿಯಲ್ಲ: ತುಳಸಿ ಗೌಡರ ನೆನಪಿನಲ್ಲಿ ಅರಣ್ಯ ನರ್ಸರಿಗಳ ಕೆಲಸಗಾರರಿಗೆ ಬಹಿರಂಗ ಪತ್ರ

ಉತ್ತರ ಕನ್ನಡ ಜಿಲ್ಲೆಯ ಅರಣ್ಯ ನರ್ಸರಿಗಳಲ್ಲಿ ಚೀಲಕ್ಕೆ ಮಣ್ಣು ತುಂಬುವ, ಬೀಜ ಹಾಕುವ, ನೀರುಣಿಸುವ, ಸಸಿ ಹೊರುವ ಎಲ್ಲ ಕೆಲಸಗಾರರಿಗೆ ಗೌರವದ ನಮಸ್ಕಾರಗಳು.

2024ರ ಡಿಸೆಂಬರ್ 16ರಂದು ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡರು ತೀರಿಕೊಂಡ ಮೇಲೆ ಅವರನ್ನು ಕುರಿತು ಬಂದ ಬರಹಗಳಲ್ಲಿ ಹೆಚ್ಚಿನವು ಅವರನ್ನು ವೃಕ್ಷಮಾತೆ ಎಂದೂ ಕಾಡಿನ ವಿಶ್ವಕೋಶ ಎಂದೂ ಕರೆದವು. ಎರಡೂ ಪ್ರೀತಿಯಿಂದ ಹುಟ್ಟಿದ ಬಿರುದುಗಳು, ಎರಡರಲ್ಲೂ ಸುಳ್ಳಿಲ್ಲ. ಆದರೆ ಈ ಬಿರುದುಗಳು ಬೆಳೆದಷ್ಟೂ ಒಂದು ಸಂಗತಿ ಮರೆಗೆ ಸರಿಯುತ್ತಿದೆ: ತುಳಸಿ ಗೌಡರು ತಮ್ಮ ಎಂಟು ದಶಕಗಳ ಬಾಳಿನಲ್ಲಿ ಅರ್ಧ ಶತಮಾನವನ್ನು ಕಳೆದದ್ದು ಕೆಲಸದ ಜಾಗದಲ್ಲಿ, ಕೂಲಿಗಾಗಿ ದುಡಿಯುವ ಇತರರ ನಡುವೆ, ಸರ್ಕಾರದ ಒಂದು ಇಲಾಖೆಯ ಸಸಿಮಡಿಗಳ ಬಳಿ. ದೇಶಕ್ಕೆ ಅವರು ಪದ್ಮಶ್ರೀ ಪುರಸ್ಕೃತರು, ಊರಿಗೆ ಅಜ್ಜಿ. ಈ ಪತ್ರ ತಲುಪಬೇಕಾದವರ ಪಾಲಿಗೆ ಇದೆಲ್ಲಕ್ಕಿಂತ ಮೊದಲು ಅವರು ಪಕ್ಕದ ಮಡಿಯಲ್ಲಿ ಕೂತು ಕಳೆ ಕಿತ್ತ ಜೊತೆಗಾರ್ತಿ. ಅವರನ್ನು ಹಾಗೆ ನೆನೆಯುವ ಹಕ್ಕು ತಮಗೇ ಮೊದಲು ಸಲ್ಲುತ್ತದೆ ಎಂಬ ನಂಬಿಕೆಯಿಂದ ಈ ಪತ್ರವನ್ನು ತಮ್ಮ ಹೆಸರಿಗೇ ಬರೆಯಲಾಗಿದೆ.

ತುಳಸಿ ಗೌಡರು ಹಾಲಕ್ಕಿ ಒಕ್ಕಲಿಗ ಸಮುದಾಯದವರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ತಾಲ್ಲೂಕುಗಳಲ್ಲಿ, ಕರಾವಳಿಯ ಗದ್ದೆಬಯಲಿಗೂ ಸಹ್ಯಾದ್ರಿಯ ಬುಡಕ್ಕೂ ನಡುವೆ ಕೊಪ್ಪ ಎಂದು ಕರೆಯುವ ಸಣ್ಣ ಕೇರಿಗಳಲ್ಲಿ ನೆಲೆಸಿರುವ ಈ ಸಮುದಾಯ ಬೇಸಾಯವನ್ನು ನೆಚ್ಚಿಕೊಂಡಿದೆಯಾದರೂ, ಸೊಪ್ಪು, ಸೌದೆ, ನಾಟಿಮದ್ದಿನ ಬೇರುನಾರು, ದರಕು ಇವೆಲ್ಲಕ್ಕೂ ಕಾಡಿನ ಕಡೆಗೆ ನಡೆದುಬಂದಿರುವ ಸಮುದಾಯ. ದರಕು ಎಂದರೆ ಬೇಸಿಗೆಯಲ್ಲಿ ಉದುರಿ ಒಣಗಿದ ಎಲೆ. ಅದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಯ ಹಾಸಾಗಿ, ಬಳಿಕ ಗದ್ದೆಗೆ ಗೊಬ್ಬರವಾಗುತ್ತದೆ. ಯಾವ ಮರ ಯಾವಾಗ ಎಲೆ ಉದುರಿಸುತ್ತದೆ, ಯಾವುದರ ಎಲೆ ಬೇಗ ಕೊಳೆಯುತ್ತದೆ ಎಂಬ ತಿಳಿವಳಿಕೆ ಇಂಥ ಮನೆಗಳಲ್ಲಿ ಮಕ್ಕಳಿಗೆ ಪಾಠವಾಗಿ ಬರುವುದಿಲ್ಲ, ಹೊರೆಯಾಗಿ ತಲೆಯ ಮೇಲೆ ಬರುತ್ತದೆ. ತುಳಸಿ ಗೌಡರು ತೀರ ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು, ಶಾಲೆಯ ಮೆಟ್ಟಿಲು ಹತ್ತಲಿಲ್ಲ, ಬಾಲ್ಯದಲ್ಲೇ ಮದುವೆಯಾದರು. ತಾಯಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿ ಮಾಡುತ್ತಿದ್ದರು; ಮಗಳೂ ಅದೇ ದಾರಿ ಹಿಡಿದರು. ಹೀಗಾಗಿ ಅವರ ಮೊದಲ ಸಹೋದ್ಯೋಗಿ ಅವರ ತಾಯಿಯೇ. ಬಿರುದುಗಳ ಗದ್ದಲದಲ್ಲಿ ಆ ತಾಯಿಯ ಮಾತು ಬರುವುದೇ ಕಡಿಮೆ. ಆದರೆ ಬೀಜವನ್ನು ಬೆರಳಿನಿಂದ ಅಳೆಯುವುದು, ಒದ್ದೆಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ನೋಡುವುದು ಮುಂತಾದವು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂತು ಮಾತ್ರ ಕಲಿಯಬಹುದಾದವು ಎಂಬುದನ್ನು ನರ್ಸರಿಯಲ್ಲಿ ಒಂದು ಹಂಗಾಮು ದುಡಿದವರೂ ಬಲ್ಲರು.

ನರ್ಸರಿ ಎಂದರೆ ಏನು ಎಂಬುದನ್ನು ತಮಗೆ ವಿವರಿಸಬೇಕಾಗಿಲ್ಲ. ಆದರೆ ಇದು ಬಹಿರಂಗ ಪತ್ರವಾದ್ದರಿಂದ, ಮತ್ತು ಹೊರಗಿನವರಿಗೆ ಗಿಡ ನೆಡುವುದಷ್ಟೇ ಕಾಣುತ್ತದೆಯಾದ್ದರಿಂದ, ಆ ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಮಳೆಗಾಲದ ಮೊದಲ ವಾರಗಳಲ್ಲಿ ಗುಂಡಿಗೆ ಇಳಿಯುವ ಸಸಿ ಅದಕ್ಕೂ ಎಷ್ಟೋ ತಿಂಗಳ ಹಿಂದೆ ಬೀಜವಾಗಿ ಆಯ್ಕೆಯಾಗಿರುತ್ತದೆ, ಮತ್ತು ಆ ಬೀಜದ ಹಣೆಬರಹ ಅದನ್ನು ಆಯ್ದ ಮರದಲ್ಲಿರುತ್ತದೆ. ಬೀಜಕ್ಕೆಂದು ಗುರುತಿಸಿದ ಇಂಥ ಮರವನ್ನು ತಾಯಿಮರ ಎನ್ನುತ್ತಾರೆ: ನೆಟ್ಟಗೆ ಬೆಳೆದ ಕಾಂಡ, ರೋಗವಿಲ್ಲದ ತೊಗಟೆ, ತುಂಬಿದ ಹರವು, ತೀರ ಎಳೆಯದೂ ತೀರ ಮುದಿಯೂ ಅಲ್ಲದ ಪ್ರಾಯ ಇರುವ ಮರ. ತುಳಸಿ ಗೌಡರಿಗೆ ಅಧಿಕಾರಿಗಳ ನಡುವೆ ಹೆಸರು ತಂದ ಮೊದಲ ಪರಿಣತಿ ಇದೇ. ದಟ್ಟ ಕಾಡಿನಲ್ಲಿ ಒಂದು ಜಾತಿಯ ತಾಯಿಮರ ಎಲ್ಲಿದೆ ಎಂಬುದನ್ನು ಅವರು ಗುರುತಿಸುತ್ತಿದ್ದರು, ಅದರ ಬೀಜ ಮೊಳೆಯುವ ಶಕ್ತಿ ತುಂಬಿಕೊಂಡ ಹೊತ್ತನ್ನು ಹಿಡಿದು ಸಂಗ್ರಹಿಸುತ್ತಿದ್ದರು, ಮತ್ತು ಹೀಗೆ ತಂದ ಬೀಜಗಳನ್ನು ಅಗಸೂರಿನ ನರ್ಸರಿಯಲ್ಲಿ ಮೊಳಕೆ ಬರಿಸಿ ಸಾಕುತ್ತಿದ್ದರು.

ಹೊತ್ತನ್ನು ಹಿಡಿಯುವುದು ಎಂಬ ಮಾತಿನ ಹಿಂದೆ ಎಷ್ಟು ತಿಳಿವಳಿಕೆ ಅಡಗಿದೆ ಎಂಬುದನ್ನು ಊಹಿಸಲು ಕೆಲವೇ ಜಾತಿಗಳನ್ನು ನೋಡಿದರೂ ಸಾಕು. ಸಸ್ಯವಿಜ್ಞಾನಿಗಳು ಬೀಜಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಒಣಗಿಸಿ ಇಟ್ಟರೆ ಬಹುಕಾಲ ಜೀವ ಹಿಡಿದಿರುವ ಬೀಜಗಳು ಒಂದು ಬಗೆ, ಒಣಗಿದೊಡನೆ ಸತ್ತುಹೋಗುವ ಬೀಜಗಳು ಇನ್ನೊಂದು. ಸಾಗುವಾನಿ ಮೊದಲ ಬಗೆಯದು. ಅದರ ಕಾಯಿಯ ಚಿಪ್ಪು ಕಲ್ಲಿನಂತೆ ಗಟ್ಟಿ, ಆದ್ದರಿಂದ ರಾತ್ರಿ ನೀರಿನಲ್ಲಿ ನೆನೆಸಿ ಹಗಲು ಬಿಸಿಲಿಗೆ ಹರಡುವ ಉಪಚಾರವನ್ನು ಹಲವು ದಿನ ಮಾಡಿದರೇನೇ ಒಳಗಿನ ಬೀಜ ಎಚ್ಚರಗೊಳ್ಳುತ್ತದೆ. ಹಲಸು, ನೇರಳೆ, ಧೂಪ, ಮುರುಗಲು ಎರಡನೆಯ ಬಗೆಯವು. ಹಣ್ಣಿನಿಂದ ಬಿಡಿಸಿದ ಬೀಜವನ್ನು ಮೂಲೆಯಲ್ಲಿ ಮರೆತು ಒಣಗಲು ಬಿಟ್ಟರೆ ಆ ವರ್ಷದ ಆಸೆ ಮುಗಿದಂತೆ. ಧೂಪದ ಕಾಯಿ ಮಳೆ ಹಿಡಿಯುವ ಆಸುಪಾಸಿನಲ್ಲಿ ಉದುರುತ್ತದೆ, ಅಂದರೆ ಜಿಗಣೆ ಕಾಟದ ಜಾರುವ ನೆಲದಲ್ಲಿ ಹುಡುಕಿ ತಂದು ತಡಮಾಡದೆ ಮಣ್ಣಿಗೆ ಹಾಕಬೇಕು. ಉಪ್ಪಾಗೆಯ ಬೀಜ ಒಣಗುವುದನ್ನು ಸಹಿಸದು, ಆದರೆ ಮೊಳೆಯಲು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ; ಅದನ್ನು ಹಾಕಿದ ಮಡಿ ಖಾಲಿ ಬಿದ್ದಿದೆಯೆಂದು ತಿಳಿಯದವರು ಕೆದಕಿ ಹಾಳುಮಾಡಬಹುದು. ಮತ್ತಿಯ ಐದು ರೆಕ್ಕೆಯ ಕಾಯಿ ನೋಡಲು ಚೆಂದ, ಆದರೆ ಮೊಳೆಯುವುದು ಕಡಿಮೆ, ಆದ್ದರಿಂದ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬಿತ್ತಬೇಕು. ಜಂಬೆಯ ಕಾಯಿ ಬಿಸಿಲಿಗೆ ಸಿಡಿದು ಬೀಜವನ್ನು ದೂರ ಎಸೆಯುವ ಮುನ್ನವೇ ಕೊಯ್ಯಬೇಕು. ಇನ್ನು ಯಾವ ಮರವೇ ಆಗಲಿ, ಮೊದಲು ಉದುರುವ ಕಾಯಿಗಳಲ್ಲಿ ಜೊಳ್ಳೂ ಹುಳು ಹೊಕ್ಕಿದ್ದೂ ಹೆಚ್ಚಿರುತ್ತದೆಯಾದ್ದರಿಂದ, ಮೊದಲ ಸುಗ್ಗಿಗೆ ಕೈಚಾಚದೆ ಕಾಯುವ ತಾಳ್ಮೆ ಬೇಕು. ಕಾದದ್ದು ಅತಿಯಾದರೆ ಹಕ್ಕಿಗೋ ಇಲಿಗೋ ಮಳೆಗೋ ಪಾಲು. ಇಷ್ಟೆಲ್ಲವನ್ನು ಪುಸ್ತಕವಿಲ್ಲದೆ, ಅಕ್ಷರವಿಲ್ಲದೆ, ನೂರಾರು ಜಾತಿಗಳ ಮಟ್ಟಿಗೆ ನೆನಪಿನಲ್ಲಿ ಇಟ್ಟುಕೊಂಡ ಒಬ್ಬ ಹೆಂಗಸನ್ನು ವಿಶ್ವಕೋಶ ಎಂದು ಕರೆದರೆ ಆಶ್ಚರ್ಯವಿಲ್ಲ. ಆದರೆ ವಿಶ್ವಕೋಶ ಕಪಾಟಿನಲ್ಲಿ ಕೂರುತ್ತದೆ, ಅವರು ನಸುಕಿಗೇ ಎದ್ದು ಕೆಲಸಕ್ಕೆ ಹೋಗುತ್ತಿದ್ದರು.

ಬೀಜ ಮೊಳೆತ ಮೇಲಿನ ಕೆಲಸವೂ ಕಡಿಮೆಯದಲ್ಲ. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ಜರಡಿ ಹಿಡಿದು ಪಾಲಿಥಿನ್ ಚೀಲಗಳಿಗೆ ತುಂಬಬೇಕು, ತುಂಬುವಾಗ ಗಾಳಿ ನಿಲ್ಲದಂತೆ ನೆಲಕ್ಕೆ ಕುಟ್ಟಬೇಕು, ಮಡಿಯಿಂದ ಎಳೆಯ ಮೊಳಕೆಯನ್ನು ಬೇರು ಹರಿಯದಂತೆ ಎತ್ತಿ ಚೀಲಕ್ಕೆ ವರ್ಗಾಯಿಸಬೇಕು, ಬೇಸಿಗೆಯುದ್ದಕ್ಕೂ ಎರಡು ಹೊತ್ತು ನೀರು ಕೊಡಬೇಕು. ಇವುಗಳಿಗಿಂತಲೂ ಹೊರಗಿನವರ ಕಣ್ಣಿಗೆ ಬೀಳದ ಕೆಲಸವೆಂದರೆ ಚೀಲಗಳನ್ನು ಆಗಾಗ ಎತ್ತಿ ಜಾಗ ಬದಲಿಸುವುದು. ಸಸಿಯ ತಾಯಿಬೇರು ಚೀಲದ ತಳದ ತೂತಿನಿಂದ ಇಳಿದು ಅಡಿಯ ನೆಲವನ್ನು ಹಿಡಿದುಕೊಂಡರೆ, ನೆಡುವ ದಿನ ಚೀಲ ಎತ್ತಿದಾಗ ಅದು ತುಂಡಾಗಿ, ಸಸಿ ಕಾಡಿನಲ್ಲಿ ಒಣಗುತ್ತದೆ. ಚೀಲದೊಳಗೇ ಸುರುಳಿ ಸುತ್ತಿಕೊಂಡರೂ ಮರ ಮುಂದೆ ಗಾಳಿಗೆ ನಿಲ್ಲುವುದಿಲ್ಲ. ಹತ್ತು ವರ್ಷದ ಬಳಿಕ ಒಂದು ಮರ ಏಕೆ ಉರುಳಿತು ಎಂಬ ಪ್ರಶ್ನೆಗೆ ಉತ್ತರ ಹಲವು ಸಲ ನರ್ಸರಿಯಲ್ಲಿ ಎತ್ತಿಡದೇ ಉಳಿದ ಚೀಲದಲ್ಲಿರುತ್ತದೆ. ಸಾವಿರಾರು ಚೀಲಗಳನ್ನು ಬಾಗಿ ಎತ್ತಿ, ಬೇರು ಕತ್ತರಿಸಿ, ಎತ್ತರಕ್ಕೆ ತಕ್ಕಂತೆ ಸಾಲುಮಾಡಿ ಇಡುವ ಈ ದುಡಿಮೆಯನ್ನು ಸೊಂಟವೇ ಬಲ್ಲದು.

ಈ ಕೆಲಸಕ್ಕೆ ಮಹತ್ವ ಬಂದ ಕಾಲವನ್ನೂ ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಕಾಡನ್ನು ಬ್ರಿಟಿಷರ ಕಾಲದಿಂದಲೂ ಮುಖ್ಯವಾಗಿ ಮರಮಟ್ಟಿನ ಲೆಕ್ಕದಲ್ಲಿ ನೋಡಲಾಗಿತ್ತು; ಸ್ವಾತಂತ್ರ್ಯದ ನಂತರವೂ ಸಹಜ ಕಾಡನ್ನು ಕಡಿದು ಸಾಗುವಾನಿಯ ನೆಡುತೋಪು ಎಬ್ಬಿಸುವ ಪದ್ಧತಿ ಮುಂದುವರಿಯಿತು. ನೆಡುತೋಪು ಎಂದರೆ ಒಂದೇ ಜಾತಿಯನ್ನು ಸಾಲಾಗಿ ನೆಟ್ಟು ಬೆಳೆಸುವ ಕೃತಕ ಕಾಡು. ಕಾಡು ಕಡಿಯುವ ಈ ಪದ್ಧತಿಯ ವಿರುದ್ಧ 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತದ್ದು ಅಪ್ಪಿಕೋ ಚಳವಳಿ ಎಂದು ಹೆಸರಾಯಿತು, ಮತ್ತು ಆ ಚಳವಳಿ ಉಳಿಸು, ಬೆಳೆಸು, ಬಳಸು ಎಂಬ ಮೂರು ಮಾತುಗಳನ್ನು ಜಿಲ್ಲೆಗೆ ಕೊಟ್ಟಿತು. ಉಳಿಸಿದವರ ಚಿತ್ರ ಚರಿತ್ರೆಯ ಪುಸ್ತಕಗಳಲ್ಲಿದೆ. ಬೆಳೆಸು ಎಂಬ ಎರಡನೆಯ ಮಾತನ್ನು ದಿನವೂ ನಡೆಸಿಕೊಟ್ಟವರು ನರ್ಸರಿಯ ಕೂಲಿಯಾಳುಗಳು, ಏಕೆಂದರೆ ಕಾಡುಜಾತಿಯ ಸಸಿಗಳು ಬೇಕೆಂದು ಯಾರು ಎಲ್ಲಿ ತೀರ್ಮಾನಿಸಿದರೂ ಬೀಜ ತರುವ ಕೈ ಇಲ್ಲದಿದ್ದರೆ ಆ ತೀರ್ಮಾನ ಕಡತದಲ್ಲೇ ಉಳಿಯುತ್ತದೆ. ಸಾಗುವಾನಿಯ ಬೀಜ ಮೂಟೆಗಟ್ಟಲೆ ದೊರೆಯುತ್ತದೆ. ಹೊನ್ನೆ, ಬೀಟೆ, ನಂದಿ, ರಾಮಪತ್ರೆಗಳ ಬೀಜಕ್ಕೆ ಕಾಡನ್ನು ಬಲ್ಲವರೇ ಬೇಕು. ಹಿರಿಯ ಅರಣ್ಯಾಧಿಕಾರಿಯಾಗಿದ್ದ ಅ.ನ. ಯಲ್ಲಪ್ಪ ರೆಡ್ಡಿಯವರು ತುಳಸಿ ಗೌಡರ ಪರಿಣತಿಯನ್ನು ಗುರುತಿಸಿ ಅದನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಮುಖ್ಯರು. ಮೇಲಧಿಕಾರಿಯೊಬ್ಬರು ದಿನಗೂಲಿ ಹೆಂಗಸಿನಿಂದ ಕಲಿಯಬಹುದಾದದ್ದಿದೆ ಎಂದು ಒಪ್ಪಿಕೊಂಡದ್ದು ಆ ಕಾಲದಲ್ಲಿ ಸಣ್ಣ ಮಾತಲ್ಲ.

ಗೌರವಗಳು ಬಂದವು: ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2020ರಲ್ಲಿ ಪದ್ಮಶ್ರೀ. ಪದ್ಮಶ್ರೀ ಪದಕವನ್ನು ಅವರು 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಸ್ವೀಕರಿಸಿದಾಗ, ರವಿಕೆಯಿಲ್ಲದೆ ಹೆಗಲಿಗೆ ಕಟ್ಟುವ ಹಾಲಕ್ಕಿ ಸೀರೆ, ಕೊರಳ ತುಂಬ ಮಣಿಸರ, ಬರಿಗಾಲು ಇದ್ದ ಚಿತ್ರ ದೇಶದೆಲ್ಲೆಡೆ ಹರಡಿತು. ಬರಿಗಾಲನ್ನು ಕಂಡು ಬೆರಗಾದವರು ಬಹಳ ಮಂದಿ. ಆ ಕಾಲು ಯಾವ ಕೆಲಸದ ಕಾಲು ಎಂದು ಕೇಳಿದವರು ಕಡಿಮೆ.

ಅವರು ನೆಟ್ಟ ಮರಗಳ ಲೆಕ್ಕದಲ್ಲೂ ಇದೇ ತೊಡಕಿದೆ. ಕೆಲವು ಬರಹಗಳು 30,000 ಎನ್ನುತ್ತವೆ, ಕೆಲವು 1 ಲಕ್ಷ ಎನ್ನುತ್ತವೆ. ಇದರಲ್ಲಿ ಯಾವುದು ಸರಿ ಎಂಬ ಚರ್ಚೆಗಿಂತ, ನರ್ಸರಿಯ ದುಡಿಮೆಗೆ ಇಂಥ ಎಣಿಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಹೆಚ್ಚು ಮುಖ್ಯ. ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಹುಲಿಕಲ್ಲಿನ ರಸ್ತೆಯ ಬದಿ ನೆಟ್ಟು ನೀರು ಹೊತ್ತು ಸಾಕಿದ ಆಲದ ಮರಗಳನ್ನು ಇವೇ ಅವು ಎಂದು ತೋರಿಸಬಹುದು. ಆ ದಂಪತಿಯ ಸಾಧನೆಯ ಬಗೆಯೇ ಬೇರೆ. ತುಳಸಿ ಗೌಡರನ್ನು ತಿಮ್ಮಕ್ಕನವರ ಜೊತೆ ಒಂದೇ ಉಸಿರಿನಲ್ಲಿ ಹೇಳುವ ರೂಢಿ ಇಬ್ಬರ ಬಗೆಗಿನ ಗೌರವದಿಂದಲೇ ಬೆಳೆದಿದ್ದರೂ, ಅದು ಇಬ್ಬರಿಗೂ ಪೂರ್ತಿ ನ್ಯಾಯ ಕೊಡುವುದಿಲ್ಲ. ನರ್ಸರಿಯ ಸಸಿಗೆ ಬೀಜ ಆಯ್ದವರು ಒಬ್ಬರು, ಚೀಲ ತುಂಬಿದವರು ಇನ್ನೊಬ್ಬರು, ನೀರುಣಿಸಿದವರು ಮತ್ತೊಬ್ಬರು. ಅದನ್ನು ಹೆಡಿಗೆಯಲ್ಲಿ ಹೊತ್ತು ಗುಡ್ಡ ಹತ್ತಿದವರು, ಗುಂಡಿ ತೋಡಿದವರು, ದನ ನುಗ್ಗದಂತೆ ಕಾದ ವಾಚರ್ ಇವರೆಲ್ಲರ ಕೈ ದಾಟಿ ಅದು ಮರವಾಗುತ್ತದೆ. ತುಳಸಿ ಗೌಡರ ಕೈಯಲ್ಲಿ ಮೊಳೆತ ಬೀಜಗಳ ಲೆಕ್ಕ ಯಾವುದೇ ಸಂಖ್ಯೆಯನ್ನು ಮೀರಿರಬಹುದು, ಆದರೆ ಅವುಗಳಲ್ಲಿ ಒಂದೂ ಅವರೊಬ್ಬರದೇ ಅಲ್ಲ. ತಾಯಿಮರವನ್ನು ಆರಿಸುವಾಗ ಪಾಲಿಸುವ ಒಂದು ನಿಯಮವನ್ನು ಇಲ್ಲಿ ನೆನಪಿಸಬಹುದು: ತನ್ನ ಜಾತಿಯ ಬೇರೆ ಮರಗಳಿಲ್ಲದ ಕಡೆ ಒಂಟಿಯಾಗಿ ನಿಂತ ಮರ ಎಷ್ಟೇ ಭವ್ಯವಾಗಿದ್ದರೂ ಅದರಿಂದ ಬೀಜ ತೆಗೆಯಬಾರದು, ಏಕೆಂದರೆ ಪರಾಗ ಬೇರೆ ಮರದಿಂದ ಬರದೆ ತನ್ನದರಿಂದಲೇ ಕಟ್ಟಿದ ಕಾಯಿಯ ಸಸಿ ಸೊರಗುತ್ತದೆ. ವೃಕ್ಷಮಾತೆ ಎಂಬ ಬಿರುದನ್ನು ಬಳಸುವವರು ಈ ನಿಯಮವನ್ನೂ ಅರಿತಿದ್ದರೆ ಚೆನ್ನಾಗಿತ್ತು.

ದುಡಿಮೆಯ ಬಗ್ಗೆ ಮಾತಾಡಿ ಕೂಲಿಯ ಬಗ್ಗೆ ಸುಮ್ಮನಿರುವುದು ಸರಿಯಲ್ಲ. ತುಳಸಿ ಗೌಡರು ಸುಮಾರು 35 ವರ್ಷ ದಿನಗೂಲಿಯಾಗಿಯೇ ದುಡಿದರು. ದಿನಗೂಲಿ ಎಂದರೆ ಕೆಲಸವಿದ್ದ ದಿನಕ್ಕೆ ಮಾತ್ರ ಹಣ, ನಾಳೆಯ ಭರವಸೆ ಇಲ್ಲ, ಜ್ವರ ಬಂದ ದಿನ ಮನೆಗೆ ಬರುವ ಅಕ್ಕಿ ಕಡಿಮೆ. ಅವರ ಪರಿಣತಿಯನ್ನು ಮನ್ನಿಸಿ ಇಲಾಖೆ ಅವರನ್ನು ಕಾಯಂ ಮಾಡಿದ ಮೇಲೆ ಇನ್ನೂ 15 ವರ್ಷ ಕೆಲಸ ಮಾಡಿ ನಿವೃತ್ತರಾದರು, ನಿವೃತ್ತಿಯ ನಂತರವೂ ಸಸಿಗಳ ಕಡೆಗೆ ಹೋಗುವುದನ್ನು ಬಿಡಲಿಲ್ಲ. ಕಾಯಂ ಮಾಡಿದ್ದು ಒಳ್ಳೆಯ ಕೆಲಸ, ಅದಕ್ಕಾಗಿ ಕೃತಜ್ಞತೆ ಸಲ್ಲಬೇಕು. ಆದರೆ ಇಂಥ ಅಸಾಮಾನ್ಯ ಪರಿಣತಿಗೂ ಅಷ್ಟು ವರ್ಷ ಹಿಡಿಯಿತು ಎಂಬುದು ಆ ಕೃತಜ್ಞತೆಯ ಜೊತೆಗೇ ಹೇಳಬೇಕಾದ ಮಾತು. ಅವರಷ್ಟೇ ವರ್ಷ ಮಣ್ಣಿನಲ್ಲಿ ಕೂತು, ಪ್ರಶಸ್ತಿಯ ಬೆಳಕು ಬೀಳದೆ ಹೋದ ಹೆಂಗಸರಿಗೆ ಆ ಬಾಗಿಲು ತೆರೆಯುವುದು ಇನ್ನೂ ಕಷ್ಟ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಕರ್ನಾಟಕದ ದಿನಗೂಲಿ ನೌಕರರಿಗೆ ಸಂಬಂಧಿಸಿದ ಉಮಾದೇವಿ ಪ್ರಕರಣದಲ್ಲಿ ತೀರ್ಪು ನೀಡಿ, ನಿಯಮಬದ್ಧ ನೇಮಕಾತಿಯ ಹೊರಗೆ ಕೆಲಸಕ್ಕೆ ಸೇರಿದವರು ದೀರ್ಘಕಾಲ ದುಡಿದರೆಂಬ ಒಂದೇ ಕಾರಣಕ್ಕೆ ಕಾಯಂ ಆಗುವ ಹಕ್ಕು ಪಡೆಯುವುದಿಲ್ಲ ಎಂದು ಹೇಳಿತು. ಅದರ ಬೆನ್ನಿಗೆ ಎದ್ದ ಕಳವಳಕ್ಕೆ ಉತ್ತರವಾಗಿ ರಾಜ್ಯ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆ ತಂದು, ಅರ್ಹರಾದವರಿಗೆ ಸೇವೆಯ ಭದ್ರತೆಯನ್ನೂ ಕೆಲವು ಸೌಲಭ್ಯಗಳನ್ನೂ ಒದಗಿಸಿತು. ಹಂಗಾಮಿಗೆ ಬಂದು ಹಂಗಾಮಿಗೆ ಹೋಗುವ ನರ್ಸರಿಯ ಕೆಲಸಗಾರ್ತಿಗೆ ತಾನು ಇಷ್ಟು ವರ್ಷ ದುಡಿದೆನೆಂದು ತೋರಿಸಲು ಹಾಜರಿ ಪಟ್ಟಿಯ ಹೊರತು ಬೇರೆ ಸಾಕ್ಷಿ ಇರುವುದಿಲ್ಲ, ಅವಳು ಬೆಳೆಸಿದ ಮರಗಳು ಸಾಕ್ಷಿ ಹೇಳುವುದಿಲ್ಲ. ತುಳಸಿ ಗೌಡರ ಹೆಸರನ್ನು ಗೌರವಿಸುವ ಪ್ರತಿಯೊಬ್ಬರೂ ಈ ಪ್ರಶ್ನೆಯನ್ನೂ ತಮ್ಮದೆಂದುಕೊಳ್ಳಬೇಕಾಗಿದೆ.

ತುಳಸಿ ಗೌಡರನ್ನು ಊರು ಕರೆದ ಅಜ್ಜಿ ಎಂಬ ಪದಕ್ಕೆ ಕನ್ನಡದಲ್ಲಿ ರಕ್ತಸಂಬಂಧದಷ್ಟೇ ಅರ್ಥವಿಲ್ಲ. ವಯಸ್ಸಾದ ಹೆಂಗಸನ್ನು ಊರಿಗೆ ಊರೇ ಅಜ್ಜಿ ಎನ್ನುತ್ತದೆ. ಹಾಗೆ ಕರೆಯುವುದರಲ್ಲಿ ಸಲಿಗೆಯೂ ಇದೆ, ಬೈಸಿಕೊಳ್ಳುವ ಸಿದ್ಧತೆಯೂ ಇದೆ, ಅವರು ಬಲ್ಲದ್ದು ತನಗೂ ದಕ್ಕಬೇಕೆಂಬ ಹಕ್ಕುದಾರಿಕೆಯೂ ಇದೆ. ಅದೇ ಅಂಕೋಲಾ ತಾಲ್ಲೂಕಿನ ಬಡಗೇರಿಯಲ್ಲಿ ಬಾಳಿದ, ಹಾಲಕ್ಕಿ ಹಾಡುಗಳ ಭಂಡಾರವಾಗಿದ್ದ ಪದ್ಮಶ್ರೀ ಸುಕ್ರಿ ಬೊಮ್ಮಗೌಡರೂ ಎಲ್ಲರಿಗೂ ಸುಕ್ರಜ್ಜಿಯೇ ಆಗಿದ್ದರು. ಅವರು 2025ರ ಫೆಬ್ರುವರಿ 13ರಂದು ತೀರಿಕೊಂಡಾಗ ಅಂಕೋಲಾ ಎರಡು ತಿಂಗಳೊಳಗೆ ಇಬ್ಬರು ಅಜ್ಜಿಯರನ್ನು ಕಳೆದುಕೊಂಡಿತು. ಸುಕ್ರಜ್ಜಿಯ ಹಾಡುಗಳಲ್ಲಿ ಸಾಕಷ್ಟು ದಾಖಲಾಗಿವೆ, ಏಕೆಂದರೆ ಹಾಡನ್ನು ಧ್ವನಿಮುದ್ರಿಸಬಹುದು, ಅಕ್ಷರಕ್ಕೆ ಇಳಿಸಬಹುದು. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ ಬೀಜ ಬಲಿತಿದೆಯೇ ಎಂದು ತಿಳಿಯುವುದನ್ನು ಹಾಗೆ ಇಳಿಸಲು ಬರುವುದಿಲ್ಲ. ತುಳಸಜ್ಜಿಗೆ ಗೊತ್ತಿದ್ದುದರಲ್ಲಿ ಪುಸ್ತಕಕ್ಕೆ ಸೇರಿದ್ದು ಸ್ವಲ್ಪ. ಉಳಿದದ್ದು ಎಲ್ಲಾದರೂ ಇದ್ದರೆ ಅದು ಅವರ ಪಕ್ಕದಲ್ಲಿ ಕೂತು ದುಡಿದವರ ಕೈಯಲ್ಲಿದೆ.

ಆದ್ದರಿಂದ ಈ ಪತ್ರದ ಕೋರಿಕೆ ಪ್ರತಿಮೆಯದಲ್ಲ, ರಸ್ತೆಗೆ ಹೆಸರಿಡುವುದೂ ಅಲ್ಲ. ಅವನ್ನು ಕೋರುವವರು ಬೇರೆ ಇದ್ದಾರೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ತನ್ನ ವ್ಯಾಪ್ತಿಯ ಗಿಡಮರ, ಪ್ರಾಣಿಪಕ್ಷಿಗಳನ್ನೂ ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡಬೇಕು. ಈ ಪುಸ್ತಕಗಳಲ್ಲಿ ನರ್ಸರಿಯ ಕೆಲಸಗಾರರ ಮಾತು ಅವರವರ ಹೆಸರಿನೊಂದಿಗೆ ಬರಲಿ: ಯಾವ ಗುಡ್ಡದ ಯಾವ ತಾಯಿಮರ, ಅದು ಯಾವ ತಿಂಗಳು ಹೂಬಿಟ್ಟು ಯಾವಾಗ ಕಾಯಿ ಬಲಿಯುತ್ತದೆ, ಬೀಜಕ್ಕೆ ಏನು ಉಪಚಾರ, ಎಷ್ಟು ದಿನಕ್ಕೆ ಮೊಳಕೆ, ಯಾವ ವರ್ಷ ಕಾಯಿಯೇ ಕಟ್ಟಲಿಲ್ಲ. ಬರೆಯಲು ಬಾರದವರು ಹೇಳಲಿ, ಮನೆಯ ಮಕ್ಕಳು ಬರೆದುಕೊಳ್ಳಲಿ. ಹೇಳುವಾಗ ಹಾಲಕ್ಕಿಯವರು ಹಾಲಕ್ಕಿ ಕನ್ನಡದಲ್ಲೇ, ಸಿದ್ದಿ, ಕುಣಬಿ, ಗೊಂಡ ಸಮುದಾಯದವರು ತಮ್ಮ ಮಾತಿನಲ್ಲೇ ಹೇಳಲಿ, ಶಿಷ್ಟ ಕನ್ನಡಕ್ಕೆ ತಿದ್ದುವ ಅವಸರ ಬೇಡ. ಒಂದೇ ಮರಕ್ಕೆ ಘಟ್ಟದ ಮೇಲೊಂದು ಹೆಸರು ಕೆಳಗೊಂದು ಹೆಸರು ಇದ್ದರೆ ಎರಡೂ ಇರಲಿ. ನರ್ಸರಿಯ ಫಲಕಗಳಲ್ಲಿ ಸಾಮಾನ್ಯವಾಗಿ ಯೋಜನೆಯ ಹೆಸರು, ಜಾತಿ, ಸಸಿಗಳ ಸಂಖ್ಯೆ ಇರುತ್ತವೆ. ಅವುಗಳ ಕೆಳಗೆ ಆ ವರ್ಷ ಆ ಸಸಿಗಳನ್ನು ಬೆಳೆಸಿದವರ ಹೆಸರು ಬರೆಯಲು ಎರಡು ಗೆರೆಯ ಜಾಗ, ಸ್ವಲ್ಪ ಬಣ್ಣ ಸಾಕು.

ತುಳಸಜ್ಜಿ ಹೋದದ್ದು ಹೊನ್ನೆಯ ಕಾಯಿ ಬಲಿಯುವ ಕಾಲದಲ್ಲಿ. ಮಳೆ ಹಿಂದೆ ಸರಿಯುವಾಗ ಹಳದಿ ಹೂ ಸುರಿಸುವ ಆ ಮರ ಡಿಸೆಂಬರಿನಿಂದ ಬೇಸಿಗೆಯ ಮೊದಲವರೆಗೆ ಹಪ್ಪಳದಂಥ ದುಂಡು ಕಾಯಿಗಳನ್ನು ಹಣ್ಣು ಮಾಡಿಕೊಳ್ಳುತ್ತದೆ. ನಡುವೆ ಉಬ್ಬಿದ ಜಾಗದಲ್ಲಿ ಒಂದೋ ಎರಡೋ ಬೀಜ, ಸುತ್ತ ತೆಳುವಾದ ರೆಕ್ಕೆ. ಕಾಯಿ ಹಸಿರು ಬಿಟ್ಟು ಕಂದು ಬಣ್ಣಕ್ಕೆ ಪೂರ್ತಿ ತಿರುಗುವವರೆಗೆ ಕಾಯಬೇಕು, ತಿರುಗಿದ ಮೇಲೆ ಗಾಳಿ ಒಯ್ಯುವ ಮೊದಲು ಕೊಯ್ಯಬೇಕು, ರೆಕ್ಕೆ ಕತ್ತರಿಸಿ ನೀರಿನಲ್ಲಿ ನೆನೆಸಿ ಮಡಿಗೆ ಹಾಕಬೇಕು. ಈ ವರ್ಷದ ಹೊನ್ನೆಗೂ ಯಾರಾದರೂ ಗುಡ್ಡ ಹತ್ತುತ್ತಾರೆ. ಅವರ ಜೊತೆಗೆ ಇನ್ನೂ ಕಾಯಿಯ ಬಣ್ಣ ತಿಳಿಯದ ಒಬ್ಬ ಎಳೆಯ ಹುಡುಗಿಯೂ ಹೋಗಲಿ, ಕಾಯಿಯನ್ನು ಮೊದಲು ಅವಳ ಕೈಗೆ ಕೊಡಲಿ.

ತಮ್ಮ ದುಡಿಮೆಯ ಬಗ್ಗೆ ಗೌರವವುಳ್ಳ,
ಒಬ್ಬ ಹಿತೈಷಿ